ಕ್ವಾರಿಯಲ್ಲಿ ಕಲಿತ ಜಪಾನಿ

ನನ್ನ ತಂಗಿಯ ಮಗಳಿಗೆ ಬಂದ ಪತ್ರವನ್ನು ಬಾಗಲಕೋಟೆಯ ಒಂದು ಕಾಲೇಜಿನ ಗುಮಾಸ್ತ ನಾಲ್ಕು ತಿಂಗಳು ಕಪಾಟಿನಲ್ಲಿಟ್ಟ. ಇದು ತಪ್ಪು. ನಮ್ಮಂಥವರಿಗೆ ಇಂಥವು ಆಗುತ್ತಲೇ ಇರುತ್ತವೆ. ಪಾರಾದ ಮೇಲೆ ನಗು ಬರುತ್ತದೆ. ಎಂಬತ್ತರ ದಶಕದ ಶುರುವಿನ ಮಾತಿದು.

೧

ಅವಳಿಗೆ ಜಪಾನಿನಲ್ಲಿ ಎಂಜಿನಿಯರಿಂಗ್ ಓದಲು ಸ್ಕಾಲರ್‌ಶಿಪ್ ಸಿಕ್ಕಿದೆ ಎಂಬ ಪತ್ರ ಅದು. ಆದರೆ ಮುಂಬಯಿಯಲ್ಲಿ ಜಪಾನಿ ಮಾತಿನ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಸೀಟು ಹೋಯಿತು. ಆರು ತಿಂಗಳ ಅವಧಿಯಲ್ಲಿ ಉಳಿದದ್ದು ಎರಡೇ.

ಗುಮಾಸ್ತನನ್ನು ಹಿಡಿದೆ. "ಯಾಕ ಕೊಡಲಿಲ್ಲ?"

"ಜಪಾನಿನಿಂದ ಇಳಕಲ್ಲ ನೇಕಾರರ ಹುಡುಗಿಗೆ ಯಾರು ಬರೀತಾರ ಅಂದ್ಕೊಂಡ್ನಿರಿ."

"ಹೆಸರು ಆಕೀದ ಐತಲ್ಲ?"

"ಅದಕ್ಕs ಒಗೀಲಿಲ್ರಿ! ಜ್ವಾಕಿ ಮಾಡೇನಿ. ನೀವು ನೋಡಿದ್ರ ಬೈತೀರಿ."

೨

ಕಲಿಸುವವರು ಯಾರು? ಇಳಕಲ್ಲಿನ ಕೆಂಪು ಕಲ್ಲು ಆರಿಸಲು ವರ್ಷವರ್ಷ ಒಬ್ಬ ಜಪಾನಿ ಬರುತ್ತಿದ್ದ. ಅವನಿಗೆ ಹರಕುಮುರುಕು ಹಿಂದಿ ಬರುತ್ತಿತ್ತು. ಆಗಲೂ ಬಂದಿದ್ದ, ಕಲ್ಲು ತೆಗೆಯುವ ಕ್ವಾರಿಗೇ ಹೋಗಿ ಕೇಳಿದೆ. "ದಿನಾ ನನ್ನ ಹಿಂದೆ ತಿರುಗಲಿ, ನಾನು ಅಂದದ್ದನ್ನು ಅನ್ನಲಿ" ಎಂದ. ಫೀಸು ಬೇಡವೆಂದ.

ಅದಕ್ಕೆ ನನ್ನ ತಂಗಿ ಊಟಕ್ಕೆ ಕರೆದಳು. ಖಾಲಿ ತಾಟು ಕಂಡರೆ ರೊಟ್ಟಿ ಹಾಕುವುದು ಇವಳ ನೇಮ. ತಾಟು ಖಾಲಿ ಮಾಡಿಯೇ ಏಳುವುದು ಅವನ ನೇಮ. ಇಬ್ಬರೂ ಸೋಲಲಿಲ್ಲ. ಏಳನೆಯ ರೊಟ್ಟಿಗೆ ಅವನು ಬೆವರುತ್ತ ಹುಡುಗಿಯತ್ತ ತಿರುಗಿ ತನ್ನ ಹಿಂದಿಯಲ್ಲಿ ಏನೋ ಅಂದ.

"ಏನಂತ?" ಎಂದಳು ತಂಗಿ.

"ಯವ್ವಾ, ನಾಳಿಂದ ಪಾಠಾ ಕ್ವಾರ್ಯಾಗs ಅಂತ, ಮನಿಗೆ ಬರೂದಿಲ್ಲಂತ."

೩

ಹುಡುಗಿ ಮನೆಯ ಒಂದೊಂದು ಸಾಮಾನಿಗೂ ಅದರ ಹೆಸರಿನ ಜಪಾನಿ ಚೀಟಿ ಅಂಟಿಸಿದಳು. ನೇಕಾರರ ಕೂಲಿ ಚಳವಳಿಯಲ್ಲಿ ನಾನು ಮೊದಲೇ ನಾಲ್ಕು ಸಲ ಠಾಣೆ ಕಂಡವನು. ಗುರುತಿಲ್ಲದ ಬರಹದ ಸುದ್ದಿ ಕೇಳಿ ಹವಾಲ್ದಾರ ಬಂದ.

"ಗ್ವಾಡಿ ಮ್ಯಾಲೆ ಏನ್ ಗುಟ್ಟು ಬರದೀರಿ?"

"ಗ್ವಾಡಿ ಅಂತ ಬರದೇನ್ರಿ" ಎಂದಳು ಹುಡುಗಿ.

"ಗ್ವಾಡಿ ಮ್ಯಾಲೆ ಯಾರರೆ ಗ್ವಾಡಿ ಅಂತ ಬರೀತಾರೇನು?"

ಮಗ್ಗ, ಕೊಡ, ಬೀಸುಕಲ್ಲು ಎಲ್ಲ ನೋಡಿ ಹಿತ್ತಲಿಗೆ ಹೋದ. ಎಮ್ಮೆಯ ಕೊರಳಲ್ಲೂ ಚೀಟಿ.

"ಮುಖಂಡ್ರ, ಎಮ್ಮೀನೂ ನಿಮ್ಮ ಚಳವಳ್ಯಾಗ ಐತೇನು?"

"ಐತ್ರಿ. ನಿಮಗಿಂತ ಮೊದಲ ಓದೂದು ಕಲೀತೈತಿ" ಎಂದೆ.

೪

ಮುಂಬಯಿಯಲ್ಲಿ ಪರೀಕ್ಷೆಯ ದಿನ ನಾನು ಹೊರಗೆ ಮೆಟ್ಟಿಲ ಮೇಲೆ. ಫೇಲು ಮಾಡಿದರೆ ಅಲ್ಲೇ ಧರಣಿ ಕೂಡಲು ಜಮಖಾನೆ ತಂದಿದ್ದೆ. ಒಳಗಿಂದ ಹುಡುಗಿಯ ದನಿ ಬೀದಿಗೆ ಕೇಳಿಸಿತು. ಕಲ್ಲು ಕೊರೆಯುವ ಸದ್ದಿನ ನಡುವೆ ಕಲಿತವಳು ಮೆಲ್ಲಗೆ ಹೇಗೆ ಮಾತಾಡಿಯಾಳು? ಆಮೇಲೆ ಮೂವರು ಪರೀಕ್ಷಕರ ನಗು. ನಾನು ಜಮಖಾನೆ ಹಾಸಿದೆ.

ಹುಡುಗಿ ಹೊರಗೆ ಬಂದಳು.

"ಯಾಕ ನಕ್ಕರವ್ವಾ?"

"ಮಾಮಾ, ‘ನಿನ್ನ ಬಗ್ಗೆ ನೀನs ಹೇಳು’ ಅಂದ್ರು. ನಂಗ ಕಲ್ಲಿನ ಮಾತಷ್ಟ ಬರ್ತಾವು. ‘ಬಿರುಕಿಲ್ಲ, ಕಲೆ ಇಲ್ಲ, ಒಳಗೂ ಗಟ್ಟಿ, ಹಡಗಿಗೆ ಹೇರ್ರಿ!’ ಅಂದೆ."

"ಆಮ್ಯಾಲೆ?"

"ಹಿರ್ಯಾಂವ ಎದ್ದು ಬಂದು ಕಲ್ಲು ನೋಡಾವ್ರಂಗ ನನ್ನ ಒಂದು ಸುತ್ತು ಹಾಕಿದ. ಟೇಬಲ್ಲಿಗೆ ಬೆರಳಿಂದ ಟಕ್ ಟಕ್ ಬಡದು, ‘ಮಾಲು ಪಾಸು, ಹೇರ್ರಿ’ ಅಂದ."

ನಾನು ಆ ಜಮಖಾನೆಯ ಮೇಲೆ ಕೂತುಬಿಟ್ಟೆ. ಅಳುತ್ತಿದ್ದೆನೋ ನಗುತ್ತಿದ್ದೆನೋ, ಕಾವಲುಗಾರ ನೀರು ತಂದುಕೊಟ್ಟ.

ನಕ್ಕಿರಲ್ಲ? ಈಗ ಏಳಿ. ನಿಮ್ಮ ಓಣಿಯಲ್ಲಿ ಓದುವ ಹುಡುಗಿ ಇದ್ದರೆ ನಾಳೆಯೇ ಅವಳ ಅರ್ಜಿ ಬರೆಸಿ. ಅಂಚೆಗೆ ಹಾಕಿ ಮನೆಗೆ ಹೋಗಿ ಮಲಗಬೇಡಿ. ಉತ್ತರ ಅವಳ ಕೈಗೆ ಬರುವವರೆಗೆ ಗುಮಾಸ್ತರ ಬೆನ್ನು ಬಿಡಬೇಡಿ.