ಬಾಗಿಲ ಬದಿಯ ಹಲಗೆ

ಅಳತೆಗೆ ಸಿಗದ ವಸ್ತುವಿನಲ್ಲಿ ಬಡಗಿಗೆ ನಂಬಿಕೆ ಕಡಿಮೆ. ಹೀಗಾಗಿ ಒಂದು ಭಾನುವಾರ ಪಾದ್ರಿಗಳು ಪ್ರಸಂಗದಲ್ಲಿ, ಮಕ್ಕಳು ಬೆಳೆದದ್ದನ್ನು ಗೋಡೆಗೆ ನಿಲ್ಲಿಸಿ ನೋಡುತ್ತೀರಿ, ನಿಮ್ಮ ವಿಶ್ವಾಸ ಎಷ್ಟು ಬೆಳೆದಿದೆಯೆಂದು ಯಾವಾಗ ನೋಡಿಕೊಂಡಿರಿ ಎಂದು ಕೇಳಿದ್ದು ಅವನಿಗೆ ಚೆನ್ನಾಗಿ ನಾಟಿತು. ಮನೆಗೆ ಬಂದವನೇ ಒಂದು ಉದ್ದನೆಯ ತೆಳು ಹಲಗೆಯನ್ನು ಕೆಲಸದ ಕೋಣೆಯ ಬಾಗಿಲ ಬದಿಗೆ ಒರಗಿಸಿದ. ಅವನ ದೊಡ್ಡ ಪಾಪ ಸಿಟ್ಟು. ಅದು ಬೀದಿಗೆಲ್ಲ ಗೊತ್ತಿತ್ತು. ಸಿಟ್ಟಾಗದೆ ಕಳೆದ ದಿನಕ್ಕೆ ಒಂದು ಪೆನ್ಸಿಲ್ ಗೆರೆ, ಬುಡದಿಂದ ಮೇಲಕ್ಕೆ, ಬೆರಳಗಲಕ್ಕೊಂದರಂತೆ. ಒಂದು ದಿನ ತಪ್ಪಿದರೂ ಎಲ್ಲವನ್ನೂ ಕೀಸಿ ಹಾಕಿ ಮತ್ತೆ ಬುಡದಿಂದ.

ಆ ಗುರುವಾರ ಬೆಳಿಗ್ಗೆ ಗೆರೆಗಳು ಮೂವತ್ತೊಂಬತ್ತಾಗಿ ಸೊಂಟದ ಹತ್ತಿರ ಬಂದಿದ್ದವು. ಸಂಜೆಯ ಪ್ರಾರ್ಥನಾ ಕೂಟದಲ್ಲಿ ಸಿಟ್ಟು ಗೆದ್ದ ನಲವತ್ತು ದಿನದ ಸಾಕ್ಷಿಯನ್ನು ಎಲ್ಲರೆದುರು ಹೇಳುತ್ತೇನೆಂದು ಪಾದ್ರಿಗಳಿಗೆ ಮಾತು ಕೊಟ್ಟಿದ್ದ. ಹಿಂದೊಮ್ಮೆ ಆರಾಧನೆಯ ನಡುವೆಯೇ ಬೆಂಚು ಎಳೆದವರ ಮೇಲೆ ಹಾರಾಡಿ, ಅಂದಿನಿಂದ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದವನು ಅವನು. ಒಮ್ಮೆ ಎದ್ದು ನಿಂತು ಎಲ್ಲರ ಮುಖ ನೋಡಬೇಕೆಂಬ ಆಸೆ. ಹೆಂಡತಿ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಮೊಳೆಗೆ ತೂಗುಹಾಕಿದ್ದಳು.

ಕೂಟದ ಕೋಣೆಗೆಂದು ಮಾಡುತ್ತಿದ್ದ ಬೆಂಚೂ ಆ ಸಂಜೆಗೇ ತಲುಪಬೇಕಿತ್ತು. ನಲವತ್ತನೆಯ ದಿನವೆಂಬ ಸುದ್ದಿ ತಿಳಿದ ಎದುರಂಗಡಿಯ ಕ್ಷೌರಿಕ ಬೆಳಿಗ್ಗೆಯೇ ಬಂದು ಮರದ ಹೊಟ್ಟಿನ ಗುಡ್ಡೆಯ ಮೇಲೆ ಕುಳಿತ. ಅವನ ಹಿಂದೆಯೇ ನಿವೃತ್ತ ಮೇಷ್ಟ್ರು ಬಂದು, ಬೆಂಚನ್ನು ಅಲುಗಾಡಿಸಿ ನೋಡಿ, ಒಂದು ಕಾಲು ಕೂದಲೆಳೆಯಷ್ಟು ಉದ್ದ ಎಂದರು.

ಬಡಗಿ ನಕ್ಕ. ಮಳೆಗಾಲದಲ್ಲಿ ಬಿಗಿದ ಡ್ರಾಯರನ್ನು ಎಳೆದ ಹಾಗಿತ್ತು ಆ ನಗು. ಆ ಕಾಲನ್ನು ಕೊಯ್ದ. ಈಗ ಎದುರಿನದು ಉದ್ದವಾಯಿತೆಂದು ಕ್ಷೌರಿಕ ಹೇಳಿದ. ಅದನ್ನೂ ಕೊಯ್ದ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು. ಬೇರೆ ದಿನವಾಗಿದ್ದರೆ ಇಬ್ಬರನ್ನೂ ಎಂದೋ ಬೀದಿಗಟ್ಟುತ್ತಿದ್ದ. ಇಂದು ಹಲ್ಲು ಕಚ್ಚಿ, ಗೆರೆಗಳನ್ನೊಮ್ಮೆ ನೋಡಿ, ಗರಗಸ ಎತ್ತಿಕೊಳ್ಳುತ್ತಿದ್ದ. ಹಲಗೆಯ ಮೇಲೆ ಅವನು ಬೆಳೆದ ಹಾಗೆ ನೆಲದ ಮೇಲೆ ಬೆಂಚು ಕುಗ್ಗುತ್ತಾ ಬಂತು.

ಮೂರು ಗಂಟೆಯ ಹೊತ್ತಿಗೆ ಕ್ಷೌರಿಕ ತಲೆ ಓರೆ ಮಾಡಿ ಕೇಳಿದ: "ಅಲ್ಲಣ್ಣ, ಇದು ಕೂತು ಪ್ರಾರ್ಥನೆ ಮಾಡೋರಿಗೋ, ಮಂಡಿಯೂರೋರಿಗೋ?"

ಕೈಲಿದ್ದ ಮರದ ಕೊಡತಿ ಯಾವಾಗ ಹಾರಿತೋ ಬಡಗಿಗೇ ತಿಳಿಯಲಿಲ್ಲ. ಅದು ಅಂಟಿನ ಡಬ್ಬಕ್ಕೆ ಬಡಿಯಿತು. ಡಬ್ಬದಲ್ಲಿದ್ದದ್ದು ಬಿಳಿ ಅಂಗಿಗೆ ಹಾರಿತು. ಅನಂತರ ಅವನ ಬಾಯಿಂದ ಬಂದ ಮಾತುಗಳು ಬೀದಿಯ ತುದಿಯವರೆಗೂ ಕೇಳಿಸಿದವು. ಕ್ಷೌರಿಕನಿಗೆ ಅಂಗಡಿ ತೆರೆದಿಟ್ಟು ಬಂದದ್ದು ನೆನಪಾಯಿತು. ಮೇಷ್ಟ್ರಿಗೂ ಏನೋ ನೆನಪಾಯಿತು.

ಹೆಂಡತಿ ಒಳಗಿನಿಂದ ಬಂದು ಅಂಗಿ ನೋಡಿದಳು, ಗಂಡನನ್ನು ನೋಡಿದಳು. ಅವನು ಗಿಡ್ಡ ಬೆಂಚಿನ ಮೇಲೆ, ಮಂಡಿ ಗದ್ದಕ್ಕೆ ತಾಗುವಂತೆ ಕುಳಿತಿದ್ದ.

"ಮೂವತ್ತೊಂಬತ್ತು ದಿನ," ಎಂದ. "ಇವತ್ತೊಂದು ದಿನಕ್ಕೆ ಎಲ್ಲ ಹೋಯ್ತು."

ಅವನ ಕಣ್ಣು ತುಂಬಿದ್ದನ್ನು ಕಂಡು ಅವಳು ಬಾಗಿಲ ಬದಿಗೆ ಹೋದಳು. ಅಲ್ಲಿದ್ದ ಹಲಗೆಯನ್ನು ಹಿಂದುಮುಂದಾಗಿ ತಿರುಗಿಸಿದಳು. ಆ ಬದಿಯಲ್ಲೂ ಗೆರೆಗಳಿದ್ದವು, ಇದ್ದಿಲಿನವು. ಬಡಗಿ ಎಣಿಸಿದ. ಮೂವತ್ತೊಂಬತ್ತು.

"ಇದ್ಯಾರದು?"

"ನಂದು."

"ನಿನಗೆಲ್ಲಿ ಸಿಟ್ಟು ಬರುತ್ತೆ?"

"ಸಿಟ್ಟಲ್ಲ ರೀ. ನೀವು ಸಿಟ್ಟಾದಾಗೆಲ್ಲ ಎತ್ತಿ ಆಡೋ ಚಾಳಿ ಇತ್ತಲ್ಲ ನಂದು, ಅದನ್ನ ಬಿಡ್ತೀನಿ ಅಂತ ನಾನೂ ಅವತ್ತೇ ಶುರು ಮಾಡಿದೆ. ನೀವು ಸಿಟ್ಟಾಗಿಯೂ ನಾನು ತುಟಿ ಬಿಚ್ಚದ ದಿನಕ್ಕೆ ಒಂದು ಗೆರೆ."

ಲೆಕ್ಕ ತಲೆಗೆ ಇಳಿಯಲು ಅವನಿಗೆ ತುಸು ಹೊತ್ತು ಹಿಡಿಯಿತು.

"ದಿನಾನೂ?"

"ಒಂದು ದಿನ ತಪ್ಪಿಲ್ಲ," ಎಂದಳು ಮೆಲ್ಲಗೆ.

"ಆವತ್ತು ಕಿಟಕಿಗೆ ಗುದ್ದಿದ್ದು... ಅದು ಕಿಟಕಿ ಬಿಗಿಯಾಗಿತ್ತು ಅಂತ."

"ಹೂಂ, ನೀವು ಹಾಗೇ ಅಂದ್ರಿ. ನಾನು ಗೆರೆ ಎಳೆದೆ."

ಬಡಗಿ ಬಹಳ ಹೊತ್ತು ಆ ಕಪ್ಪು ಗೆರೆಗಳ ಮೇಲೆ ಕೈಯಾಡಿಸಿದ. ಕೊನೆಗೆ, ಸಂಜೆ ಸಾಕ್ಷಿ ಹೇಳಬೇಕಾದವಳು ನೀನೇ ಎಂದ.

"ಹೇಗೆ ಹೇಳ್ಲಿ? ಈಗ ಎಲ್ಲ ಹೇಳಿಬಿಟ್ಟೆನಲ್ಲ," ಎಂದು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಂದೂ ಹೋಯ್ತು."

ಕೊನೆಯ ಸಾಲಿಗೆ ಹಳೆಯ ಅಂಗಿ ಸಾಕು ಎಂದ ಅವನು. ತಾನೂ ಅಲ್ಲೇ ಪಕ್ಕದಲ್ಲಿ ಕೂರುವುದಾಗಿ ಅವಳು ಹೇಳಿದಳು. ಹೊರಡುವ ಮುಂಚೆ ಅವಳು ಹಲಗೆ ಹಿಡಿದಳು, ಅವನು ಕೀಸುಳಿ ಆಡಿಸಿದ. ಪೆನ್ಸಿಲ್ ಗೆರೆಗಳು ಸುರುಳಿ ಸುರುಳಿಯಾಗಿ ಅವಳ ಪಾದದ ಮೇಲೆ ಬಿದ್ದವು. ಮಗುಚಿ ಕೀಸಿದಾಗ ಇದ್ದಿಲಿನವೂ ಬಿದ್ದವು.

ಬಡಗಿ ಹಲಗೆಯ ಅಂಚನ್ನು ಬೆರಳುಗಳ ನಡುವೆ ಹಿಡಿದು ನೋಡಿದ. "ಇನ್ನು ನಾಲ್ಕು ಸಲ ಕೀಸಿದ್ರೆ ಹಲಗೆಯೇ ಇರಲ್ಲ."

"ಹಾಗಾದ್ರೆ ದಪ್ಪದ್ದೇ ಒಂದು ತಂದಿಡಿ," ಎಂದಳು ಅವಳು, ಬೆಂಚಿನ ಒಂದು ತುದಿ ಎತ್ತಿಕೊಳ್ಳುತ್ತಾ. "ಇಬ್ಬರಿಗೂ ಬೇಕಲ್ಲ."