ಸಿದ್ದಲಿಂಗೇಶನ ಕ್ಯಾಮರಾಕ್ಕೆ ಬಿದ್ದ ಬೆಸುಗೆ

ಕ್ಯಾಮರಾದ ಹಿಂಬಾಗಿಲಿನ ಮೂಲೆಯಲ್ಲಿ ಉಗುರಿನುದ್ದದ ಒಂದು ಬಿರುಕು. ಅಷ್ಟಕ್ಕೇ ಬೆಟಗೇರಿಯ ಸಿದ್ದಲಿಂಗೇಶ ಬೆಳಗಿನಿಂದ ಚಹಾ ಕುಡಿದಿರಲಿಲ್ಲ.

ಒಂದು ಕಾಲಕ್ಕೆ ಫೋಟೋದ ಸಿದ್ದಲಿಂಗೇಶನೆಂದರೆ ಮುಂಡರಗಿತನಕ ಹೆಸರು. ಈಗ ಹದಿನೈದು ವರ್ಷಗಳಿಂದ ಕಂಡವರ ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆಯುತ್ತ ಕೂತಿದ್ದ. ಹೋದ ವಾರ ಮಂಟಪ ಸಿಂಗರಿಸುವ ಗದಗಿನ ಹುಡುಗಿ ಶಿವರಂಜನಿ ಅಂಗಡಿಗೆ ಬಂದವಳು, ಗಾಜಿನ ಕಪಾಟಿನಲ್ಲಿದ್ದ ಈ ರೀಲ್ ಕ್ಯಾಮರಾವನ್ನು ತಿರುವಿ ತಿರುವಿ ನೋಡಿ, ಶುಕ್ರವಾರ ಲಕ್ಷ್ಮೇಶ್ವರದ ನಿಶ್ಚಿತಾರ್ಥಕ್ಕೆ ಇದನ್ನು ತರಬೇಕೆಂದು ಹೇಳಿ ಹೋಗಿದ್ದಳು. ಉಂಗುರ ತೊಡಿಸುವ ಜೋಡಿಯನ್ನು ಇನ್ನೊಮ್ಮೆ ತನ್ನ ಕೈಯಾರೆ ಹಿಡಿಯಬಹುದಲ್ಲ ಎಂದು ಸಿದ್ದಲಿಂಗೇಶನಿಗೆ ನಿದ್ದೆಯೇ ಹತ್ತಲಿಲ್ಲ. ಹುಬ್ಬಳ್ಳಿಯಿಂದ ರೀಲ್ ತರಿಸಿದ. ಆದರೆ ಬಿರುಕಿನಿಂದ ಬೆಳಕು ನುಗ್ಗಿದರೆ ಮೂವತ್ತಾರು ಫೋಟೋಗಳೂ ಹಾಳು.

ಶುಕ್ರವಾರ ಬೆಳಿಗ್ಗೆ ಮನೆಯಲ್ಲೇ ಗಮ್ಮು ಹಚ್ಚಲು ಕೂತ. ಗಮ್ಮು ಬಿರುಕನ್ನು ಬಿಟ್ಟು ಅವನ ಹೆಬ್ಬೆರಳನ್ನು ಹಿಡಿಯಿತು. ಎದುರುಮನೆಯ ಹನಮಂತವ್ವ ಬಿಸಿನೀರು, ಕೊಬ್ಬರಿ ಎಣ್ಣೆ ತಂದು, ಹಟ ಹಿಡಿದ ಎಮ್ಮೆಯನ್ನು ಎಳೆದಂತೆ ಎಳೆದಳು. ಬೆರಳು ಬಿಟ್ಟಿತು, ಚೂರು ಚರ್ಮ ಅಲ್ಲೇ ಉಳಿಯಿತು. ಬಿರುಕು ಮಾತ್ರ ಅರ್ಧ ಬಾಗಿಲಿನವರೆಗೆ ಓಡಿತು.

ಗದ್ದಲ ಕೇಳಿ ಪಕ್ಕದ ಮನೆಯ ಖಾಜಾಸಾಬ ಬಂದ. ಒಡೆದ ಪ್ಲಾಸ್ಟಿಕ್ ಕೊಡಗಳಿಗೆ ಕಾದ ಸಲಾಕೆಯಿಂದ ಬೆಸುಗೆ ಹಾಕುವುದು ಅವನ ಮೂವತ್ತು ವರ್ಷದ ಕಸುಬು. ಕೊಡವೂ ಪ್ಲಾಸ್ಟಿಕ್, ಇದೂ ಪ್ಲಾಸ್ಟಿಕ್ ಎಂದವನೇ, ಯಾರೂ ಕೇಳುವ ಮೊದಲೇ ಕ್ಯಾಮರಾ ಕಸಿದುಕೊಂಡ. ಸುಳ್ಳೇಕೆ ಹೇಳಬೇಕು, ಅವನ ಕೈ ಹದವಾದದ್ದು. ಒಡೆದ ಕರಿ ಬಕೆಟ್ಟಿನ ಚೂರನ್ನು ಕರಗಿಸಿ ಬಿರುಕಿಗೆ ಎರೆದು, ನಯವಾಗಿ ಉಜ್ಜಿದ.

ಸಿದ್ದಲಿಂಗೇಶ ಖುಷಿಯಿಂದ ರೀಲ್ ತರಲು ಒಳಗೆ ಹೋದ. ಅಷ್ಟರಲ್ಲಿ ಖಾಜಾಸಾಬ, ಬೆಸುಗೆ ಹಾಕಿದ ಮೇಲೆ ಪ್ರತಿ ಕೊಡಕ್ಕೂ ಮಾಡುವಂತೆ, ಅದರೊಳಗೆ ಒಂದು ತಂಬಿಗೆ ನೀರು ಸುರಿದು ಮೇಲೆತ್ತಿ ನೋಡುತ್ತಿದ್ದ.

“ಬ್ಯಾರೆ ಕಡೆ ಸೋರಾಕತ್ತೈತಿ ಸಿದ್ದಲಿಂಗಣ್ಣ, ನನ್ನ ಬೆಸುಗಿ ಒಂದ ಹನಿನೂ ಸೋರವಲ್ದು ನೋಡ್ರಿ.”

ಸಿದ್ದಲಿಂಗೇಶ ಕ್ಯಾಮರಾ ಕಿತ್ತುಕೊಂಡು ಬೋರಲು ಹಾಕಿ ನೀರು ಬಸಿದ. ಬೈಯೋಣವೆಂದರೆ ಖಾಜಾಸಾಬನ ಮುಖದಲ್ಲಿ ಅಷ್ಟು ಹೆಮ್ಮೆ. ಸೊಸೆಯ ಮೊಬೈಲು ನೀರಿಗೆ ಬಿದ್ದಾಗ ಹೀಗೇ ಮಾಡಿದ್ದೆವೆಂದು ಹನಮಂತವ್ವ ಕ್ಯಾಮರಾವನ್ನು ಜೋಳದ ಚೀಲದಲ್ಲಿ ಹುಗಿದಳು. ಆಮೇಲೆ ಮಾಳಿಗೆಯ ಬಿಸಿಲಿಗೆ ಇಟ್ಟದ್ದಾಯಿತು. ಸಂದಿಯಿಂದ ಏಳು ಜೋಳದ ಕಾಳು ಹೆಕ್ಕಿದ ಮೇಲೆ, ಎರಡು ಗಂಟೆಗೆ ಶಟರ್ ಟಕ್ಕೆಂದಿತು. ಸಿದ್ದಲಿಂಗೇಶನ ಕಣ್ಣಲ್ಲಿ ನೀರು ಬಂತು. ಗಮ್ಮಿನ ಬಿಳಿ ಕಲೆ ಕಾಣದಂತೆ ಬೂಟ್ ಪಾಲಿಶ್ ತಿಕ್ಕಿ, ರೀಲ್ ತುಂಬಿ, ಕ್ಯಾಮರಾವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದ.

ಮಂಟಪದ ಬಾಗಿಲಲ್ಲೇ ಶಿವರಂಜನಿ ಕ್ಯಾಮರಾ ಇಸಿದುಕೊಂಡಳು. ನೋಡಿದವಳ ಮುಖ ಸಪ್ಪಗಾಯಿತು.

“ಕಾಕಾರ, ಆ ಒಡಕ ಎಲ್ಲಿ ಹೋತ್ರಿ? ಅದನ್ನ ನೋಡೇ ಅಲ್ಲೇನ್ರಿ ನಾ ಮೆಚ್ಚಿದ್ದು?”

ರೀಲ್ ಹಾಕಿಕೊಂಡು ಬಂದಿದ್ದೇನೆ ಎಂದ ಸಿದ್ದಲಿಂಗೇಶ. ಅವಳು ಅವನನ್ನು ಮೂಲೆಗೆ ಕರೆದೊಯ್ದಳು. ಅಲ್ಲಿ ಬಾಯಿಬಿಟ್ಟ ರೇಡಿಯೋ, ತುಕ್ಕು ಹಿಡಿದ ಕಂದೀಲು, ಹಿಡಿಕೆಯಿಲ್ಲದ ಇಸ್ತ್ರಿಪೆಟ್ಟಿಗೆಗಳನ್ನು ಜೋಡಿಸಿದ್ದರು. ಬಂದ ಬೀಗರು ಅವುಗಳ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಉಂಗುರದ ಫೋಟೋಗೆ ಹುಬ್ಬಳ್ಳಿಯಿಂದ ಮೂವರು ಫೋಟೋಗ್ರಾಫರು ಬೇರೆಯೇ ಬಂದಿದ್ದರು.

ಕ್ಯಾಮರಾವನ್ನು ಕಂದೀಲಿನ ಪಕ್ಕ ಇಟ್ಟು ನೋಡಿದಳು. ಫಳಫಳ ಹೊಳೆಯಿತು. ಆಮೇಲೆ ಅವನ ನರೆತ ಮೀಸೆ, ದಪ್ಪ ಗಾಜಿನ ಚಸ್ಮಾ, ಬಟ್ಟೆ ಸುತ್ತಿದ ಹೆಬ್ಬೆರಳು ನೋಡಿದಳು.

“ಹಂಗಾರ ನೀವೂ ಇಲ್ಲೇ ಕುಂಡ್ರಿ ಕಾಕಾರ. ನಿಮ್ಮ ಕೈಯಾಗಿದ್ರ ಅದೂ ಹಳೇದು ಕಾಣತೈತಿ.”

ಕೂತ. ಏಳಬಹುದಿತ್ತು, ಏಳಲಿಲ್ಲ, ಎದ್ದು ಹೋಗಿ ಮಾಡುವುದಾದರೂ ಏನಿತ್ತು, ಜೆರಾಕ್ಸೇ ತಾನೆ? ಗುರುತಿಲ್ಲದ ಜನ ಹೆಗಲ ಮೇಲೆ ಕೈಹಾಕಿ, ಹಲ್ಲು ಕಿರಿದು, ಫೋಟೋ ತೆಗೆದುಕೊಂಡು ಹೋದರು.

ಕಡೆಗೆ ಉಂಗುರ ತೊಟ್ಟ ಜೋಡಿಯೇ ಬಂತು. ಕಿಟಕಿಯ ಇಳಿಬಿಸಿಲು ಹುಡುಗಿಯ ಕೆನ್ನೆಯ ಮೇಲೆ ಸರಿಯಾಗಿ ಬಿದ್ದಿತ್ತು. ಸಿದ್ದಲಿಂಗೇಶನಿಗೆ ಎಲ್ಲ ಮರೆತುಹೋಯಿತು. ಉಸಿರು ಹಿಡಿದು ಕ್ಯಾಮರಾ ಕಣ್ಣಿಗೆ ಏರಿಸಿದ.

“ಕಾಕಾರ, ಅದನ್ನ ಸ್ವಲ್ಪ ಕೆಳಗ ಇಳಸ್ರಿ,” ಎಂದಳು ಮದುವಣಗಿತ್ತಿ, ಮೊಬೈಲು ಎತ್ತಿ ಹಿಡಿದು. “ನಿಮ್ಮ ಮಾರಿ ಕಾಣವಲ್ದು.”

ಅವನು ಇಳಿಸಿದ.