ಹೊಟ್ಟೆ ತುಂಬದ ಕೌದಿ

ನಮ್ಮ ದೊಡ್ಡವ್ವನ ಮನೆಗೆ ಹೊಸ ಬಟ್ಟೆ ಹಾಕಿಕೊಂಡು ಹೋಗಬಾರದು. ಆಕೆ ಕದಿಯುತ್ತಾಳೆ ಅಂತಲ್ಲ, ಛೇ ಛೇ! ಅದು ಯಾವಾಗ ಹರಿಯುತ್ತದೋ ಎಂದು ಅವತ್ತಿನಿಂದಲೇ ಕಾಯಲು ಶುರುಮಾಡುತ್ತಾಳೆ, ಅಷ್ಟೆ. ಎದುರಿಗೆ ಕೂತವರ ಮುಖ ಬಿಟ್ಟು ಸೆರಗು, ತೋಳು, ಕಾಲರು ನೋಡುತ್ತಾ ಮಾತಾಡುವ ಹೆಂಗಸು ಇಡೀ ಕೊಟ್ಟೂರಿನಲ್ಲಿ ಇವಳೊಬ್ಬಳೇ ಇರಬೇಕು. ಆಕೆಯ ಪ್ರಕಾರ ಜನ ಅಂದರೆ ಯಾರು? ನಾಳಿನ ಕೌದಿಯ ತುಂಡುಗಳನ್ನು ಸದ್ಯಕ್ಕೆ ಮೈಮೇಲೆ ಹೊತ್ತು ತಿರುಗುತ್ತಿರುವವರು.

ಕೌದಿ ಹೊಲಿಯುವುದು ನಮ್ಮ ಕಡೆ ದೊಡ್ಡ ವಿದ್ಯೆಯೇನೂ ಅಲ್ಲ. ಹಳೆ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಮುಖವಾಗಿ ಸುತ್ತುತ್ತಾ ದಾರ ಓಡಿಸಿದರೆ ಆಯಿತು. ಮಧ್ಯಾಹ್ನದ ಊಟ ಮುಗಿಸಿ ಎಲ್ಲ ಹೆಂಗಸರೂ ಕೂರುತ್ತಾರೆ. ಅವರೆಲ್ಲ ಸಂಜೆ ರೊಟ್ಟಿ ಬಡಿಯಲು ಎದ್ದು ಹೋಗುತ್ತಾರೆ, ದೊಡ್ಡವ್ವ ಏಳುವುದಿಲ್ಲ.

ಮದುವೆಯಾದ ಹೊಸತರಲ್ಲಿ ನನ್ನ ಗಂಡನನ್ನು ಕರೆದುಕೊಂಡು ಹೋಗಿದ್ದೆ. ಹೊಸ ಅಳಿಯ, ನೀಲಿ ಚೌಕಳಿಯ ಅಂಗಿ. ದೊಡ್ಡವ್ವ ಕಾಲಿಗೆ ನೀರು ಕೊಡುವುದನ್ನೂ ಮರೆತು ಅವನ ತೋಳು ಹಿಡಿದು ಸವರಿದಳು.

"ಅಳಿಯಂದ್ರ, ಈ ಅಂಗಿ ಎಷ್ಟು ದಿನ ಬಾಳಿಕಿ ಬರ್ತೈತ್ರಿ?"

ಪಾಪ, ಹೊಗಳಿಕೆ ಎಂದು ತಿಳಿದು ಆತ ಉಬ್ಬಿಹೋದ. "ಭಾಳ ಗಟ್ಟಿ ಅರಿವಿ ಐತ್ರಿ ಅತ್ತಿ. ಹತ್ತು ವರ್ಷ ಏನೂ ಆಗಂಗಿಲ್ಲ!"

"ಹತ್ತು ವರ್ಷಾ?" ದೊಡ್ಡವ್ವನ ಮುಖ ಬಾಡಿತು. ಆಮೇಲೆ ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಕಿವಿಯಲ್ಲಿ ಅಂದಳು: "ಒಗಿಯಾಗ ಕಲ್ಲಿಗೆ ಚಲೋತ್ನಾಗಿ ತಿಕ್ಕವಾ."

ಕೌದಿಗೆ ಸಾಲದ ಚೂರುಪಾರುಗಳನ್ನಾದರೂ ಬಿಡುತ್ತಾಳೆಯೇ? ಮಿಕ್ಸಿಗೆ ಅಂಗಿ, ಗ್ಯಾಸ್ ಸಿಲಿಂಡರಿಗೆ ಲಂಗ, ಕುಡಿಯುವ ನೀರಿನ ಕೊಡಕ್ಕೆ ಕೂಸಿನ ಕುಂಚಿಗೆ! ಆ ಮನೆಯಲ್ಲಿ ಬರಿ ಮೈಯಲ್ಲಿರುವುದು ಒಳಕಲ್ಲೊಂದೇ. ಟಿವಿ ರಿಮೋಟಿಗೂ ದಪ್ಪನೆಯದೊಂದು ಚೀಲ ಹೊಲಿದು, ಧೂಳು ಹೋಗಬಾರದೆಂದು ಬಾಯಿಯನ್ನೂ ಹೊಲಿದುಬಿಟ್ಟಳು. ಗುಂಡಿಗಳು ಕಾಣುವುದಿಲ್ಲ. ದೊಡ್ಡಪ್ಪ ವಾರ್ತೆ ನೋಡಲು ಒತ್ತುತ್ತಾನೆ, ತೆಲುಗು ಧಾರಾವಾಹಿ ಬರುತ್ತದೆ. ಕೆಲವು ತಿಂಗಳು ಜಗಳಾಡಿ ನೋಡಿದ. ಈಗ ಅವನಿಗೆ ತೆಲುಗು ಚೆನ್ನಾಗಿ ಬರುತ್ತದೆ.

ಇದಕ್ಕಿಂತ ದೊಡ್ಡ ಅನಾಹುತ ಅವಳ ಹಿರಿಯ ಮಗನದು. ಮೆಕ್ಕೆಜೋಳದ ವ್ಯಾಪಾರ ಮಾಡುವ ನಮ್ಮ ಅಣ್ಣ ಹಾಸಿದ ಕೌದಿಯ ಮೇಲೆ ಅಡ್ಡಾಗಿ ಒಂದು ನಿದ್ದೆ ತೆಗೆದು ಎದ್ದು ಹೋದ. ಗುಂಡಿ ಒತ್ತುವ ಅವನ ಹಳೆ ಫೋನು ಪದರದೊಳಗೆ ಜಾರಿತ್ತು. ದೊಡ್ಡವ್ವ ನೋಡದೆ ಅದರ ಸುತ್ತ ಹೊಲಿದುಕೊಂಡು ಹೋದಳು. ಸಂಜೆ ಮನೆಯವರೆಲ್ಲ ಫೋನು ಹುಡುಕುತ್ತಿರುವಾಗ ಕೌದಿ ಸಣ್ಣಗೆ ನಡುಗಿ ಹಾಡತೊಡಗಿತು. ನೋಡಲು ಬಂದಿದ್ದ ಪಕ್ಕದ ಮನೆ ಮುದುಕಿ ಕೈಮುಗಿದೇಬಿಟ್ಟಳು!

"ಯವ್ವಾ, ಹೊಲಿಗಿ ಬಿಚ್ಚು. ಹರಪನಹಳ್ಳಿ ಮಂಡಿಯವ್ರು ಇರಬೇಕು!" ಅಣ್ಣ ಕೂಗಿದ.

"ಬಿಚ್ಚಂಗಿಲ್ಲ. ಇಡೀ ಮಧ್ಯಾಹ್ನ ಹೊಲದೀನಿ. ಮ್ಯಾಲಿಂದನ ಒತ್ತು, ಮ್ಯಾಲಿಂದನ ಮಾತಾಡು."

ಅಣ್ಣ ಮಂಡಿಯೂರಿ, ಕೌದಿಗೆ ಕಿವಿ ಹಚ್ಚಿ, "ಹಲೋ, ರೇಟು ಎಷ್ಟು ನಡದೈತ್ರಿ?" ಎಂದು ಕೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ರೇಟು ಸರಿಯಾಗಿ ಕೇಳಿಸಲಿಲ್ಲವಂತೆ.

ಸೊಸೆ ಈ ಕಾಲದವಳು. ಅತ್ತೆಗೆ ಖುಷಿಯಾಗಲಿ ಎಂದು ಮೊಬೈಲಿನಲ್ಲಿ ಒಂದು ವಿಡಿಯೋ ಹಚ್ಚಿಕೊಟ್ಟಳು: ಮನೆಯಲ್ಲೇ ಸುಲಭವಾಗಿ ಕೌದಿ ಹೊಲಿಯುವುದು ಹೇಗೆ. ಉಗುರಿಗೆ ಬಣ್ಣ ಹಚ್ಚಿದ ಹೆಣ್ಣುಮಗಳೊಬ್ಬಳು ಅಂಗಡಿಯಿಂದ ತಂದ ಹೊಚ್ಚ ಹೊಸ ಬಟ್ಟೆ ಹಾಸಿ, ಅಳತೆಪಟ್ಟಿ ಇಟ್ಟು, ಚೌಕ ಚೌಕವಾಗಿ ಕತ್ತರಿಸತೊಡಗಿದಳು. ದೊಡ್ಡವ್ವ ಎದೆ ಹಿಡಿದುಕೊಂಡಳು.

"ಏ, ಹೊಸಾ ಅರಿವಿ ಕತ್ತರಿಸ್ತಾಳಲೇ ಇಕಿ! ಮನ್ಯಾಗ ಅತ್ತಿ ಇಲ್ಲೇನು ಇಕಿಗೆ?"

ವಿಡಿಯೋ ಮುಗಿಯುವವರೆಗೂ ಆ ಹುಡುಗಿಗೆ ಬುದ್ಧಿ ಹೇಳಿದಳು. ಹುಡುಗಿ ಕೇಳಲಿಲ್ಲ, ಕೊನೆಗೆ ಲೈಕ್ ಮಾಡಿ ಅಂದಳು.

ಇಷ್ಟೆಲ್ಲ ನಗುವ ನನಗೆ ಮಾತ್ರ ಆಕೆಯ ಕೈಯಿಂದ ಒಂದು ಕೌದಿ ದಕ್ಕಿಲ್ಲ! ನನ್ನವ್ವ ತೀರಿಕೊಂಡಾಗ ನಾನಿನ್ನೂ ಸಣ್ಣ ಕೂಸು. ದೊಡ್ಡವ್ವ ಬಂದು ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೊಟ್ಟೂರಿಗೆ ಕರೆದೊಯ್ದಳು. ಆ ಮನೆಯಲ್ಲೇ ಬೆಳೆದೆ, ಅಲ್ಲಿಂದಲೇ ಮದುವೆಯಾಗಿ ಹರಪನಹಳ್ಳಿಗೆ ಬಂದೆ. ಹೋಗುವಾಗ ಕೊಡ ಕೊಟ್ಟಳು, ಪೆಟ್ಟಿಗೆ ಕೊಟ್ಟಳು, ತವರಿನವರು ಮಗಳಿಗೆ ಕೊಡಲೇಬೇಕಾದ ಕೌದಿ ಮಾತ್ರ ಕೊಡಲಿಲ್ಲ. ಕೌದಿಯ ನಟ್ಟನಡುವೆ ಕೊನೆಗೆ ಅಂಗೈಯಗಲ ಜಾಗ ಉಳಿಯುತ್ತದೆ, ಅದಕ್ಕೆ ಹೊಟ್ಟೆ ಎನ್ನುತ್ತಾರೆ. "ಹೊಟ್ಟಿ ಒಂದು ಉಳದೈತಿ, ಮುಂದಿನ ಸಲ ಒಯ್ಯಾಕಂತ ಬಾರವಾ" ಅಂದಳು. ಮುಂದಿನ ಸಲ ಹೋದರೆ ತುಂಬಾ ತೆಳ್ಳಗಾಯಿತೆಂದು ಮೇಲೆ ಇನ್ನೊಂದು ಪದರ ಹಾಕಿ, ಮತ್ತೆ ಅಂಚಿನಿಂದ ಶುರುಮಾಡಿದ್ದಳು! ಅದರ ಮುಂದಿನ ಸಲ ಇನ್ನೊಂದು. ನನ್ನ ಮಕ್ಕಳು ಹುಟ್ಟಿ, ಕಾಲೇಜು ಸೇರಿದರು. ಓಣಿಯ ಹೆಣ್ಣುಮಕ್ಕಳಿಗೆಲ್ಲ ಕೌದಿ ಹೋಯಿತು, ಹಾಲು ಹಾಕುವವಳ ಮಗಳಿಗೂ ಹೋಯಿತು. ನನ್ನದು ಮಾತ್ರ ದಪ್ಪವಾಗುತ್ತಾ ಹೋಗಿ, ಈಗ ಎತ್ತಿ ಬಿಸಿಲಿಗೆ ಹಾಕಲು ಇಬ್ಬರು ಗಂಡಸರು ಬೇಕು.

ನಮ್ಮ ಅತ್ತೆಗೆ ಇದೊಂದು ಸಾಕಲ್ಲ! ಮೊನ್ನೆ ನನ್ನ ನಾದಿನಿ ತನ್ನ ಕೌದಿ ಒಗೆಸಲು ತಂದಾಗ, ಬಂದ ನೆಂಟರೆದುರಿಗೇ ಅಂದರು: "ಇಕಿಗೆ ತವರಾಗ ಒಂದು ಕೌದಿನೂ ಹುಟ್ಟಲಿಲ್ಲ ನೋಡ್ರಿ. ಎಷ್ಟಂದ್ರೂ ದೊಡ್ಡವ್ವ. ಹಡದಾಕಿ ಆಗ್ತಾಳೇನು?"

ಇಷ್ಟು ವರ್ಷ ನಕ್ಕು ಹಾರಿಸಿದ್ದ ಮಾತನ್ನು ಅವತ್ತು ಹಾರಿಸಲಾಗಲಿಲ್ಲ. ಹಡೆದವಳ ಮುಖ ನನಗೆ ಸರಿಯಾಗಿ ನೆನಪಿಲ್ಲ. ಇರುವುದು ಇವಳೊಬ್ಬಳು, ಇವಳೂ ನನ್ನನ್ನು ಬೇರೆ ಲೆಕ್ಕದಲ್ಲಿ ಇಟ್ಟಿದ್ದಾಳೆಯೇ? ಕೌದಿ ತೆಗೆದುಕೊಂಡೇ ಬರುವುದೆಂದು ಮರುದಿನ ಬೆಳಿಗ್ಗೆ ಎದ್ದು ಕೊಟ್ಟೂರಿನ ಬಸ್ಸು ಹತ್ತಿದೆ.

ಹೋದವಳೇ ಅತ್ತೆ ಅಂದದ್ದನ್ನು ಅಂದ ಹಾಗೇ ಹೇಳಿದೆ. ದೊಡ್ಡವ್ವ ಕೂಡಲೇ ಸೊಸೆಗೆ ಹೋಳಿಗೆಗೆ ಬೇಳೆ ಹಾಕಲು ಹೇಳಿ, ಪಡಸಾಲೆಯಲ್ಲಿ ನನ್ನ ಕೌದಿ ಹಾಸಿಸಿಕೊಂಡು ಕೂತಳು. ಇಡೀ ಮಧ್ಯಾಹ್ನ ತಲೆ ಎತ್ತದೆ ಹೊಲಿದಳು. ನಾನು ಉಟ್ಟಿದ್ದ ಹೊಸ ಸೀರೆಯನ್ನು ಒಂದು ಸಲವೂ ನೋಡಲಿಲ್ಲ. ಆಗಲೇ ನನಗೆ ಹೆದರಿಕೆಯಾಯಿತು.

ಕೊನೆಗೆ ಹೊಟ್ಟೆಯಷ್ಟೇ ಉಳಿಯಿತು. ಅದನ್ನು ಮುಚ್ಚುವ ಮುಂಚೆ ಒಳಗೆ ಒಂದು ಚೂರು ಹೋಳಿಗೆ ಇಡುವುದು ನಮ್ಮಲ್ಲಿಯ ಪದ್ಧತಿ. ಕೌದಿ ಹಸಿದುಕೊಂಡು ಇನ್ನೊಬ್ಬರ ಮನೆಗೆ ಹೋಗಬಾರದು. ಅದೂ ಅವತ್ತು ಹಂಚಿನಿಂದ ಇಳಿದ ಮೊದಲ ಹೋಳಿಗೆಯದೇ ಚೂರು ಆಗಬೇಕು, ಬೇರೆಯದು ನಡೆಯುವುದಿಲ್ಲ. ಸೊಸೆ ಮೊದಲ ಹೋಳಿಗೆಯ ಚೂರೊಂದನ್ನು ತಟ್ಟೆಯಲ್ಲಿ ತಂದಿಟ್ಟಳು. ಉಳಿದದ್ದನ್ನು ಅಷ್ಟರಲ್ಲೇ ದೊಡ್ಡಪ್ಪ ತೆಲುಗು ನೋಡುತ್ತಾ ಮುಗಿಸಿದ್ದ.

"ಇಷ್ಟು ವರ್ಷ ಯಾಕ ಕೊಡಲಿಲ್ಲ ದೊಡ್ಡವ್ವ?" ತಡೆಯಲಾರದೆ ಕೇಳಿದೆ.

ಆಕೆ ಸೂಜಿಗೆ ದಾರ ಪೋಣಿಸುತ್ತಾ ಅಂದಳು: "ಹೊಟ್ಟಿ ತುಂಬಿಸಿ ಕೌದಿ ಕೊಟ್ರ ಮಗಳನ್ನ ಪೂರಾ ಕಳಿಸಿಕೊಟ್ಟಂಗವಾ. ಮದಿವಿ ದಿನ ಕೊಡಬೇಕಂತ ಕುಂತಿದ್ದೆ, ಕೈ ಏಳಲಿಲ್ಲ. ಆಮ್ಯಾಲೂ ಏಳಲಿಲ್ಲ. ನೀ ಕೌದಿ ಕೌದಿ ಅನಕೊಂತ ಬರ್ತಿದ್ದಿ. ಕೊಟ್ಟ ಮ್ಯಾಲ ಏನು ಕೇಳಾಕ ಬರ್ತಿ?"

ನಾನು ಕೌದಿಯ ಅಂಚು ಸವರಿದೆ.

"ನಿಮ್ಮತ್ತಿ ಅಂದದ್ದು ಖರೆ ಐತಿ. ನಂದು ಆಸಿ ಜಾಸ್ತಿ ಆತು, ಅದಕ್ಕ ನೀ ಮಾತು ಕೇಳಬೇಕಾತು. ಒಯ್ಯಿ ಇವತ್ತು." ಅಷ್ಟು ಹೇಳಿ ಹೋಳಿಗೆಯ ಚೂರು ಎತ್ತಿ ಕೌದಿಯ ಹೊಟ್ಟೆಗೆ ಇಡಹೋದಳು.

ನಾನು ಆಕೆಯ ಕೈ ಹಿಡಿದು, ಚೂರನ್ನು ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟೆ.

"ಅಯ್ಯ ನಿನ್ನ! ಅದು ಕೌದಿದು! ಈಗ ಹೆಂಗ ಮುಚ್ಚಲಿ?"

"ಇವತ್ತು ಆಗಂಗಿಲ್ಲ ಬಿಡು. ಮತ್ತ ಹೋಳಿಗಿ ಮಾಡಿದಾಗ ಮುಚ್ಚುವಂತಿ."

ಆಕೆ ನನ್ನನ್ನೇ ನೋಡುತ್ತಾ ಕೂತಳು. ಸೆರಗನ್ನಲ್ಲ, ತೋಳನ್ನಲ್ಲ, ನನ್ನ ಮುಖವನ್ನು. ಕಣ್ಣು ತುಂಬಿಕೊಂಡಿತ್ತು.

"ಬರಿಗೈಲೆ ಹೋದ್ರ ನಿಮ್ಮತ್ತಿಗೆ ಏನಂತ ಹೇಳ್ತಿ?"

"ನಮ್ಮವ್ವ ನನ್ನ ಇನ್ನೂ ಕಳಿಸಿಲ್ಲ ಅಂತ ಹೇಳ್ತೀನಿ" ಅಂದೆ.